ಬಿಟ್ಟುಹೋದವರು ಬದಲಿಸಿದ ಸದ್ದು

1976ರ ಸೆಪ್ಟೆಂಬರ್ 20ರಂದು ಲಂಡನ್ನಿನ 100 ಕ್ಲಬ್‌ನಲ್ಲಿ ನಡೆದ ಪಂಕ್ (ಒರಟು, ಸರಳ ರಾಕ್ ಸಂಗೀತ) ಉತ್ಸವದಲ್ಲಿ ಬ್ರಿಟಿಷ್ ಗಾಯಕಿ ಸೂಸಿ ಸೂ ವೇದಿಕೆ ಹತ್ತಿದಾಗ ಆಕೆಯ ತಂಡದ ಬಳಿ ಸ್ವಂತ ಹಾಡೊಂದೂ ಇರಲಿಲ್ಲ. ಕ್ರೈಸ್ತರ ಪ್ರಾರ್ಥನೆಯೊಂದನ್ನು ಹಿಡಿದುಕೊಂಡು ಸುಮಾರು ಇಪ್ಪತ್ತು ನಿಮಿಷ ಬಾಯಿಗೆ ಬಂದಂತೆ ಹಾಡಿ, ಕೈಗೆ ಬಂದಂತೆ ಬಾರಿಸಿ ಇಳಿದರು. ಅದೇ ತಂಡ, ಸೂಸಿ ಆ್ಯಂಡ್ ದ ಬ್ಯಾನ್ಶೀಸ್ 1984ರಲ್ಲಿ ‘ಡ್ಯಾಝಲ್’ ಹಾಡಿಗೆ ದೊಡ್ಡ ವಾದ್ಯವೃಂದವನ್ನೇ ಕೂರಿಸಿತು. ಪಂಕ್ ಬಳಗದವರು ಮೆತ್ತಗಾದರು ಎಂದು ಮೂಗು ಮುರಿಯುವುದು ಸುಲಭ. ಆದರೆ ನಡೆದದ್ದು ಬೇರೆ.

1978ರ ಮೊದಲ ಆಲ್ಬಂ ‘ದ ಸ್ಕ್ರೀಮ್’ನಲ್ಲಿ ಜಾನ್ ಮೆಕೇ ಅವರ ಗಿಟಾರ್ ತಗಡು ಕೆರೆದಂತೆ ಕೇಳುತ್ತದೆ. ಮರುವರ್ಷ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ, ಸಂಜೆಯ ಕಾರ್ಯಕ್ರಮಕ್ಕೆ ಕೆಲವೇ ಗಂಟೆ ಇರುವಾಗ, ಮೆಕೇ ಮತ್ತು ಡ್ರಮ್ಸ್‌ನ ಕೆನ್ನಿ ಮಾರಿಸ್ ತಂಡ ತೊರೆದರು. ಪ್ರವಾಸ ಉಳಿಸಿಕೊಳ್ಳಲು ಡ್ರಮ್ಸ್‌ಗೆ ಬಡ್ಜಿ ಬಂದರು. ಜೊತೆಗಿದ್ದ ದ ಕ್ಯೂರ್ ತಂಡದ ರಾಬರ್ಟ್ ಸ್ಮಿತ್ ತಮ್ಮ ಸರದಿ ಮುಗಿಸಿ ಇವರಿಗೂ ಗಿಟಾರ್ ನುಡಿಸಿದರು.

ಗಿಟಾರಿನ ಜಾಗ ಹೀಗೆ ತೆರವಾದಾಗ ಸೂಸಿ ಮತ್ತು ಬಾಸ್ ವಾದಕ ಸ್ಟೀವನ್ ಸೆವರಿನ್ ವಿದ್ಯುನ್ಮಾನ ವಾದ್ಯವಾದ ಸಿಂಥಸೈಜರ್, ಡ್ರಮ್ ಯಂತ್ರಗಳತ್ತ ತಿರುಗಿದರು. 1980ರ ‘ಕೆಲಿಡೋಸ್ಕೋಪ್’ನ ಒಂದು ಹಾಡಿನಲ್ಲಿ ಕ್ಯಾಮೆರಾ ಶಟರ್‌ನ ಸದ್ದೇ ತಾಳ. ಆಮೇಲೆ ಬಂದ ಜಾನ್ ಮೆಗಿಯಾಕ್ ಗಿಟಾರನ್ನು ಗದ್ದಲಕ್ಕಲ್ಲ, ಬಣ್ಣಕ್ಕೆ ಬಳಸಿದವರು. 1981ರ ‘ಜುಜು’ವಿನ ಕತ್ತಲೆಯನ್ನು ಮುಂದೆ ಕರಾಳ ಭಾವದ ಗಾಥಿಕ್ ರಾಕ್ ತಂಡಗಳೆಲ್ಲ ಕಡ ತಂದವು.

ಬ್ಯಾನ್ಶೀಸ್ ಅಷ್ಟರಲ್ಲಿ ಅದನ್ನು ಬಿಟ್ಟು ಮುಂದೆ ಹೋಗಿಯಾಗಿತ್ತು. 1982ರ ‘ಎ ಕಿಸ್ ಇನ್ ದ ಡ್ರೀಮ್‌ಹೌಸ್’ ಅನ್ನು ತಾವೇ ನಿರ್ಮಿಸಿ, ಮೈಕ್ ಹೆಡ್ಜಸ್ ಜೊತೆ ಧ್ವನಿಮುದ್ರಿಸಿದರು. ‘ಅಬ್ಸೆಶನ್’ ಹಾಡಿನಲ್ಲಿ ಡ್ರಮ್ಸ್ ಹಿಂದೆ ಸರಿದು ಏದುಸಿರು ಮತ್ತು ಗಂಟೆಯ ನಾದ ಲಯವನ್ನು ಹೊರುತ್ತವೆ. ‘ಸ್ಲೋಡೈವ್’ನಲ್ಲಿ ಪಿಟೀಲುಗಳು ಕುಣಿತಕ್ಕೆ ತಾಳ ಕೊಡುತ್ತವೆ. ‘ಗ್ರೀನ್ ಫಿಂಗರ್ಸ್’ನಲ್ಲಿ ಮೆಗಿಯಾಕ್ ಗಿಟಾರಿನ ಜೊತೆಗೆ ರೆಕಾರ್ಡರ್ ಕೊಳಲನ್ನೂ ಊದುತ್ತಾರೆ. ಮುಖಪುಟಕ್ಕೂ ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್‌ನ ಚಿತ್ರಗಳ ಚಿನ್ನದ ಬಣ್ಣವೇ. ಇಷ್ಟು ಸೊಂಪಾದ ಆಲ್ಬಂ ಹೊರಬರುವ ಹೊತ್ತಿಗೆ ಕುಡಿತ, ದಣಿವುಗಳಿಂದ ಕುಸಿದ ಮೆಗಿಯಾಕ್ ಮ್ಯಾಡ್ರಿಡ್ ಕಾರ್ಯಕ್ರಮಗಳ ಬಳಿಕ ತಂಡದಿಂದ ಹೊರಬಿದ್ದಿದ್ದರು.

ಮತ್ತೆ ಸ್ಮಿತ್ ಬಂದರು. 1983ರಲ್ಲಿ ಬೀಟಲ್ಸ್‌ನ ‘ಡಿಯರ್ ಪ್ರೂಡೆನ್ಸ್’ ಅನ್ನು ಹೊಸದಾಗಿ ಹಾಡಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿದರು. ‘ಡ್ಯಾಝಲ್’ ಇರುವ 1984ರ ‘ಹೈಯೀನಾ’ ವೈಭವದ್ದು, ನಿಜ. ನನ್ನ ಕಿವಿಗೆ ಮಾತ್ರ ಅಲ್ಲಿನ ವಾದ್ಯವೃಂದ ಹಾಡಿನ ಮೇಲೆ ಹೊದಿಸಿದ ಜರಿ ಶಾಲು. ‘ಡ್ರೀಮ್‌ಹೌಸ್’ನಲ್ಲಿ ಪಿಟೀಲು ತೆಗೆದರೆ ಹಾಡೇ ಬಿದ್ದುಹೋಗುತ್ತದೆ.

ವಾದ್ಯವೇ ಹಾಡನ್ನು ಹೊರಬೇಕು ಎಂಬ ಆ ಪಾಠ ಮರೆತುಹೋಗಲಿಲ್ಲ. 1988ರ ‘ಪೀಕ್-ಅ-ಬೂ’ ತಮ್ಮದೇ ಹಳೆಯ ಧ್ವನಿಮುದ್ರಣವೊಂದರ ತುತ್ತೂರಿ ಭಾಗವನ್ನು ತಿರುಗುಮುರುಗು ಓಡಿಸಿ, ಅದರ ಮೇಲೆ ಅಕಾರ್ಡಿಯನ್ ಸೇರಿಸಿ ಕಟ್ಟಿದ ಹಾಡು. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್ ಆ ವರ್ಷ ಆರಂಭಿಸಿದ ಮಾಡರ್ನ್ ರಾಕ್ ಪಟ್ಟಿಯ ಮೊಟ್ಟಮೊದಲ ಅಗ್ರಸ್ಥಾನ ಸಿಕ್ಕಿದ್ದು ಅದಕ್ಕೇ.