‘ಶಾಂತ್ ಗದಾಧಾರಿ ಭೀಮ್’ ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ನನ್ನ ಊರು ಕುಂದಾಪುರದ ಹತ್ತಿರ. ಈಗ ಮನೆ ಡೊಂಬಿವಲಿಯಲ್ಲಿ, ಕೆಲಸ ಅಂಧೇರಿಯಲ್ಲಿ. ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಇನ್ನೊಬ್ಬರು ತಕ್ಷಣ ‘ಶಾಂತ್, ಗದಾಧಾರಿ ಭೀಮ್, ಶಾಂತ್’ ಅಂತ ಹಾಕುತ್ತಾರೆ. ಎಲ್ಲರೂ ನಗುತ್ತಾರೆ. ಕೇಳಿದರೆ ಹಳೇ ಹಿಂದಿ ಸಿನಿಮಾದ ಮಾತು ಅಂತಾರೆ. ಅಷ್ಟು ಹಳೆಯದು ಇನ್ನೂ ಹೇಗೆ ಓಡಾಡುತ್ತಿದೆ? ಅದರಲ್ಲಿ ಅಂಥದ್ದೇನಿದೆ?

ಉತ್ತರ: ಆ ಮಾತು ‘ಜಾನೇ ಭೀ ದೋ ಯಾರೋ’ ಚಿತ್ರದ್ದು. ಬಿಡುಗಡೆಯಾದದ್ದು 1983ರಲ್ಲಿ. ನಿರ್ದೇಶಕರು ಕುಂದನ್ ಶಾ. ಕೊನೆಗೆ ಬರುವ ಮಹಾಭಾರತ ನಾಟಕದ ದೃಶ್ಯದಲ್ಲಿ, ರಂಗದ ಮೇಲೆ ರೇಗಿದ ಭೀಮನನ್ನು ಸಮಾಧಾನ ಮಾಡಲು ಈ ಮಾತು ಬರುತ್ತದೆ. ಮಾತಾಗಿ ನೋಡಿದರೆ ಅದರಲ್ಲಿ ವಿಶೇಷ ಏನೂ ಇಲ್ಲ. ಅದು ಯಾವ ಇಕ್ಕಟ್ಟಿನಲ್ಲಿ ಬರುತ್ತದೆ ಅನ್ನುವುದು ಗೊತ್ತಾದರೆ ಮಾತ್ರ ಅದರ ರುಚಿ ಸಿಗುತ್ತದೆ.

ಕಥೆ ನಡೆಯುವುದು ನಮ್ಮ ಮುಂಬಯಿಯಲ್ಲೇ. ವಿನೋದ್ ಮತ್ತು ಸುಧೀರ್ ಅನ್ನುವ ಇಬ್ಬರು ಬಡ ಫೋಟೋಗ್ರಾಫರುಗಳು ಒಂದು ಸ್ಟುಡಿಯೋ ತೆರೆಯುತ್ತಾರೆ. ಗಿರಾಕಿಗಳೇ ಇಲ್ಲ. ಶೋಭಾ ಅನ್ನುವ ಪತ್ರಿಕೆ ಸಂಪಾದಕಿ ಅವರಿಗೆ ಒಂದು ಕೆಲಸ ಕೊಡುತ್ತಾಳೆ. ತರ್ನೇಜಾ ಮತ್ತು ಆಹುಜಾ ಅನ್ನುವ ಇಬ್ಬರು ಬಿಲ್ಡರುಗಳು ಪೈಪೋಟಿಗೆ ಬಿದ್ದಿದ್ದಾರೆ. ಮುನಿಸಿಪಲ್ ಕಮಿಷನರ್ ಡಿಮೆಲ್ಲೋ ಲಂಚ ತಿಂದು ಗುತ್ತಿಗೆ ಹಂಚುವವನು. ಅವನ ಕೊಲೆ ಆಗುತ್ತದೆ. ಆ ಕೊಲೆಗೆ ಇರುವ ದೊಡ್ಡ ಪುರಾವೆ ಅವನ ಹೆಣ. ಎಲ್ಲರಿಗೂ ಆ ಹೆಣ ಬೇಕು. ಹೆಣ ಎಳೆದುಕೊಂಡು ಓಡುವ ಇಬ್ಬರೂ ಕೊನೆಗೆ ಒಂದು ನಾಟಕದ ಥಿಯೇಟರಿಗೆ ನುಗ್ಗುತ್ತಾರೆ. ಅಲ್ಲಿ ದ್ರೌಪದಿ ವಸ್ತ್ರಾಪಹರಣ ನಡೆಯುತ್ತಿದೆ. ಹೆಣಕ್ಕೆ ಸೀರೆ ಸುತ್ತಿ ದ್ರೌಪದಿ ಮಾಡಿ ನಿಲ್ಲಿಸಿಬಿಡುತ್ತಾರೆ!

ಈಗ ಇಕ್ಕಟ್ಟು ನೋಡಿ. ಸೀರೆ ಎಳೆದರೆ ಗುಟ್ಟು ರಟ್ಟು. ಹಾಗಾಗಿ ದುರ್ಯೋಧನನ ವೇಷದಲ್ಲಿ ರಂಗಕ್ಕೆ ಬಂದ ವಿನೋದನೇ ವಸ್ತ್ರಾಪಹರಣವನ್ನು ತಡೆಯಬೇಕು. ಇಂಥ ಸತಿಯನ್ನು ನೋಡಿ ಸೀರೆ ಎಳೆಯುವ ಐಡಿಯಾವನ್ನೇ ಡ್ರಾಪ್ ಮಾಡಿದ್ದೇನೆ ಅಂತ ತುಂಬಿದ ಸಭೆಯಲ್ಲಿ ಘೋಷಿಸುತ್ತಾನೆ. ದುಶ್ಶಾಸನನ ಪಾತ್ರದವನಿಗೆ ಏನೂ ಅರ್ಥವಾಗುವುದಿಲ್ಲ, ಅವನು ಕಲಿತಿರುವುದು ಸೀರೆ ಎಳೆಯುವುದನ್ನು ಮಾತ್ರ. ಕುರುಡ ಧೃತರಾಷ್ಟ್ರ ಪದೇ ಪದೇ ‘ಏನಾಗ್ತಾ ಇದೆ ಇಲ್ಲಿ’ ಅಂತ ಕೇಳುತ್ತಾನೆ. ನಿಜಕ್ಕೂ ಏನಾಗ್ತಾ ಇದೆ ಅನ್ನುವುದು ಆ ರಂಗದ ಮೇಲೆ ಯಾರಿಗೂ ಗೊತ್ತಿಲ್ಲ. ದ್ರೌಪದಿ ನಿನ್ನೊಬ್ಬನವಳಲ್ಲ, ನಾವೆಲ್ಲ ಶೇರ್‌ಹೋಲ್ಡರುಗಳು ಅನ್ನುವ ಮಾತು ಬರುತ್ತದೆ. ಮುಂದೆ ಮಹಾಭಾರತದ ನಡುವೆ ಸಲೀಮ, ಅಕ್ಬರರೂ ಬಂದುಬಿಡುತ್ತಾರೆ.

ನೀವು ಕುಂದಾಪುರದವರು. ಈ ದೃಶ್ಯ ನಿಮಗೆ ಬೇರೆಯವರಿಗಿಂತ ಜಾಸ್ತಿ ದಕ್ಕಬೇಕು ಅಂತ ನನ್ನ ನಂಬಿಕೆ. ಮಳೆಗಾಲದಲ್ಲಿ ಊರಿನ ತಿರುಗಾಟ ಮುಗಿಸಿ ಯಕ್ಷಗಾನ ಮೇಳಗಳು ಮುಂಬಯಿಗೆ ಬರುತ್ತವಲ್ಲ, ಮಾಟುಂಗದಲ್ಲೋ ಕುರ್ಲಾದಲ್ಲೋ ಆಟ ನೋಡಿರುತ್ತೀರಿ. ಯಕ್ಷಗಾನದ ಮಾತಿಗೆ ಬರೆದಿಟ್ಟ ಸಾಲುಗಳಿಲ್ಲ. ಭಾಗವತರು ಪದ ಹೇಳುತ್ತಾರೆ, ವೇಷಧಾರಿ ಅರ್ಥ ಹೇಳುತ್ತಾ ಹೋಗುತ್ತಾನೆ. ಎದುರಿನವನು ಅಡ್ಡ ಮಾತು ಎಸೆದರೆ, ಪಾತ್ರ ಬಿಡದೆ, ಪ್ರಸಂಗ ಕೆಡಿಸದೆ ಅಲ್ಲೇ ಉತ್ತರ ಹುಟ್ಟಿಸಬೇಕು. ಕುಂದನ್ ಶಾ ಅವರ ರಂಗದ ಮೇಲೂ ನಡೆಯುವುದು ಇದೇ. ಬಂದವರು ಖಳರೋ ಕಳ್ಳರೋ, ಒಮ್ಮೆ ವೇಷ ಹಾಕಿ ರಂಗಕ್ಕೆ ಬಂದಮೇಲೆ ಪಾತ್ರದ ಭಾಷೆಯಲ್ಲೇ ಜಗಳ ಆಡಬೇಕು. ‘ಆ ಹೆಣ ಕೊಡು’ ಅನ್ನುವ ಹಾಗಿಲ್ಲ, ‘ದ್ರೌಪದಿಯನ್ನು ಒಪ್ಪಿಸು’ ಅನ್ನಬೇಕು. ಮುಂದೆ ಪ್ರೇಕ್ಷಕರು ಕೂತಿದ್ದಾರೆ, ಆಟ ನಿಲ್ಲಬಾರದು. ‘ಶಾಂತ್, ಗದಾಧಾರಿ ಭೀಮ್’ ಕೂಡ ಹೀಗೆ ಆಟ ನಿಲ್ಲದಂತೆ ಹೇಳಿದ ಮಾತು. ಅದಕ್ಕೇ ಅದು ಆಫೀಸಿಗೆ ಅಷ್ಟು ಚೆನ್ನಾಗಿ ಒಗ್ಗಿತು. ಸಿಟ್ಟಾದವರನ್ನು ಭೀಮ ಅಂತ ಕರೆದು ಮರ್ಯಾದೆ ಕೊಡುತ್ತೀರಿ, ಗದೆಯನ್ನೂ ಕೆಳಗಿಡಿಸುತ್ತೀರಿ. ಮೀಟಿಂಗ್ ಮುಂದುವರಿಯುತ್ತದೆ.

ಇನ್ನೊಂದು ವಿಷಯ ಗಮನಿಸಬೇಕು. ದೂರದರ್ಶನದಲ್ಲಿ ಮಹಾಭಾರತ ಧಾರಾವಾಹಿ ಶುರುವಾದದ್ದು 1988ರಲ್ಲಿ, ಈ ಚಿತ್ರ ಬಂದು 5 ವರ್ಷವಾದ ಮೇಲೆ. ಅಂದರೆ ಇದು ಧಾರಾವಾಹಿಯ ಅಣಕ ಅಲ್ಲ. ಊರೂರಿನ ನಾಟಕ ಕಂಪನಿಗಳ ಭಾರವಾದ ಕಿರೀಟ, ಭಾರವಾದ ಮಾತು, ಅದರ ಹಿಂದೆ ಬೆವರುತ್ತಾ ನಿಂತ ಸಾಧಾರಣ ಮನುಷ್ಯ, ಇವು ಸೇರಿ ಹುಟ್ಟಿದ ನಗು ಅದು. ಭಾರತದಲ್ಲಿ ಯಾರಿಗೂ ದ್ರೌಪದಿ ಯಾರು ಅಂತ ಹೇಳಿಕೊಡಬೇಕಿಲ್ಲ. ಅಣಕಕ್ಕೆ ಬೇಕಾದ ಅರ್ಧ ಕೆಲಸ ನೋಡುವವರ ತಲೆಯಲ್ಲಿ ಮೊದಲೇ ಆಗಿರುತ್ತದೆ. ಮುಂಬಯಿ, ಪುಣೆಯ ಕಾಲೇಜು ಗ್ಯಾದರಿಂಗ್‌ಗಳಲ್ಲಿ ನಾಟಕದೊಳಗೊಂದು ಕೆಟ್ಟುಹೋದ ನಾಟಕ ಕಂಡರೆ ನನಗೆ ಮೊದಲು ನೆನಪಾಗುವುದು ಈ ದೃಶ್ಯವೇ.

ಚಿತ್ರದ ಬೇರೆ ತುಣುಕುಗಳೂ ಜನರ ಬಾಯಲ್ಲಿ ಉಳಿದಿವೆ. ಅಮೆರಿಕ ನೋಡಿ ಬಂದ ಡಿಮೆಲ್ಲೋ ಕೇಕ್ ಮುಂದಿಟ್ಟುಕೊಂಡು, ಸ್ವಲ್ಪ ತಿನ್ನು, ಸ್ವಲ್ಪ ಎಸೆ ಅನ್ನುವ ಪಾಠ ಹೇಳುತ್ತಾನೆ. ಅಲ್ಲಿ ಕುಡಿಯುವ ನೀರು ಬೇರೆ, ಗಟಾರದ ನೀರು ಬೇರೆ ಅಂತ ಬೆರಗಾಗುತ್ತಾನೆ. ಸತ್ತ ಮೇಲೆ ಅವನ ಹೆಸರಿನಲ್ಲಿ ಭಾಷಣ ನಡೆಯುತ್ತದೆ. ದೇಶದ ಏಳಿಗೆಯನ್ನು ಅಳೆಯುವುದು ಗಟಾರದಿಂದ, ಅವರು ಗಟಾರಕ್ಕಾಗಿ ಬದುಕಿದರು, ಗಟಾರಕ್ಕಾಗಿ ಸತ್ತರು ಅಂತ. ಜುಲೈ ತಿಂಗಳಲ್ಲಿ ಹಿಂದ್‌ಮಾತಾದಲ್ಲಿ ಮೊಣಕಾಲು ನೀರಿನಲ್ಲಿ ನಡೆದವರಿಗೆ ಈ ಭಾಷಣ ಹಳತು ಅನ್ನಿಸುವುದೇ ಇಲ್ಲ.

ಇನ್ನು, ಬೇರೆಡೆ ಇಷ್ಟು ಪ್ರತಿಧ್ವನಿಸುವ ಈ ಚಿತ್ರದ ಒಳಗೂ ಪ್ರತಿಧ್ವನಿಗಳೇ ತುಂಬಿವೆ. ಇಬ್ಬರೂ ಫೋಟೋ ತೆಗೆಯುವ ಪಾರ್ಕಿನ ಹೆಸರು ಆಂಟೋನಿಯೋನಿ ಪಾರ್ಕ್. ಇಟಲಿಯ ನಿರ್ದೇಶಕ ಆಂಟೋನಿಯೋನಿ 1966ರಲ್ಲಿ ಮಾಡಿದ ‘ಬ್ಲೋ ಅಪ್’ ಚಿತ್ರದಲ್ಲಿ ಒಬ್ಬ ಫೋಟೋಗ್ರಾಫರ್ ಚಿತ್ರವನ್ನು ದೊಡ್ಡದು ಮಾಡುತ್ತಾ ಹೋದ ಹಾಗೆ ಕೊಲೆಯ ಸುಳಿವು ಕಾಣುತ್ತದೆ. ಇಲ್ಲೂ ಹಾಗೇ. ಗುಟ್ಟಿನ ಕೆಲಸದವರು ಒಬ್ಬರನ್ನೊಬ್ಬರು ಗುರುತಿಸಲು ಬಳಸುವ ಸಂಕೇತ ವಾಕ್ಯ ‘ಆಲ್ಬರ್ಟ್ ಪಿಂಟೋ ಕೋ ಗುಸ್ಸಾ ಕ್ಯೋಂ ಆತಾ ಹೈ’. ಅದು ಸಯೀದ್ ಮಿರ್ಜಾ ಅವರ 1980ರ ಚಿತ್ರದ ಹೆಸರು. ಅದರಲ್ಲಿ ಪಿಂಟೋ ಆಗಿದ್ದವರು ನಾಸಿರುದ್ದೀನ್ ಶಾ, ಇಲ್ಲಿ ವಿನೋದ್ ಕೂಡ ಅವರೇ. ಪಾತ್ರಗಳ ಹೆಸರಾದ ವಿನೋದ್ ಚೋಪ್ರಾ, ಸುಧೀರ್ ಮಿಶ್ರಾ ಎರಡೂ ‘ಜಾನೇ ಭೀ ದೋ ಯಾರೋ’ಗೇ ದುಡಿದ ಇಬ್ಬರು ಗೆಳೆಯರದ್ದು. ಇಬ್ಬರೂ ಮುಂದೆ ಹೆಸರಾಂತ ನಿರ್ದೇಶಕರಾದರು. ದುಶ್ಶಾಸನನ ವೇಷದಲ್ಲಿ ಕಾಣುವವರು ವಿಧು ವಿನೋದ್ ಚೋಪ್ರಾ ಅವರೇ.

ಇಷ್ಟೊಂದು ಗೆಳೆಯರ ಕೈ ಸೇರಲು ಒಂದು ಕಾರಣ ಪುಣೆ. ಲಾ ಕಾಲೇಜ್ ರಸ್ತೆಯಲ್ಲಿ, ಹಳೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ ಇರುವ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರೇ ಇವರಲ್ಲಿ ಹಲವರು. ಕುಂದನ್ ಶಾ, ನಾಸಿರುದ್ದೀನ್ ಶಾ, ಆಹುಜಾ ಆದ ಓಂ ಪುರಿ, ಡಿಮೆಲ್ಲೋ ಆದ ಸತೀಶ್ ಶಾ, ಸಂಕಲನ ಮಾಡಿದ ರೇಣು ಸಲೂಜಾ, ಕ್ಯಾಮೆರಾ ಹಿಡಿದ ಬಿನೋದ್ ಪ್ರಧಾನ್. ನಮ್ಮ ಗಿರೀಶ ಕಾರ್ನಾಡರು 1974-75ರಲ್ಲಿ ಆ ಸಂಸ್ಥೆಯ ನಿರ್ದೇಶಕರಾಗಿದ್ದರು. ನಾಸಿರುದ್ದೀನ್ ಅವರ ಹೆಸರನ್ನು ನಿರ್ದೇಶಕ ಶ್ಯಾಮ್ ಬೆನೆಗಲ್ ಅವರಿಗೆ ಸೂಚಿಸಿದವರೂ ಕಾರ್ನಾಡರೇ. ‘ಜಾನೇ ಭೀ ದೋ ಯಾರೋ’ಗೆ ಹಣ ಕೊಟ್ಟದ್ದು ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿ. ಒಟ್ಟು ಖರ್ಚು 7 ಲಕ್ಷ ರೂಪಾಯಿಗೂ ಕಡಿಮೆ. ಚಿತ್ರದಲ್ಲಿ ಕಾಣುವ ಕ್ಯಾಮೆರಾ ಕೂಡ ನಾಸಿರುದ್ದೀನ್ ಅವರ ಸ್ವಂತದ್ದು. ದುಡ್ಡಿಲ್ಲದ ಕಡೆ ಗೆಳೆತನ ಕೆಲಸ ಮಾಡಿತು, ಅದು ತೆರೆಯ ಮೇಲೂ ಕಾಣುತ್ತದೆ.

ಥಿಯೇಟರಿನಲ್ಲಿ ಚಿತ್ರ ದೊಡ್ಡದಾಗಿ ಓಡಲಿಲ್ಲ. ಕುಂದನ್ ಶಾ ಅವರಿಗೆ ಚೊಚ್ಚಲ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು, ಸುಧೀರನ ಪಾತ್ರ ಮಾಡಿದ ರವಿ ಬಾಸ್ವಾನಿ ಅವರಿಗೆ ಹಾಸ್ಯನಟ ಫಿಲ್ಮ್‌ಫೇರ್ ಬಂತು. ಆದರೆ ಇದನ್ನು ಮನೆಮನೆಗೆ ಮುಟ್ಟಿಸಿದ್ದು ದೂರದರ್ಶನ. ಒಂದೇ ಚಾನೆಲ್ ಇದ್ದ ಕಾಲ, ಚಾಳಿನ ಒಂದು ಟಿವಿ ಮುಂದೆ ಹತ್ತು ಮನೆಯವರು ಕೂರುತ್ತಿದ್ದರು. ಒಂದೇ ಸಲ ಎಲ್ಲರೂ ನಕ್ಕ ಮಾತು ಎಲ್ಲರಿಗೂ ಸೇರಿದ ಮಾತಾಯಿತು. ಆಮೇಲೆ ಕ್ಯಾಸೆಟ್ ಬಂತು, ಕೇಬಲ್ ಬಂತು. 2012ರಲ್ಲಿ ಹಳೇ ಪ್ರಿಂಟ್ ಸರಿಪಡಿಸಿ ಮತ್ತೆ ಥಿಯೇಟರಿಗೆ ತಂದರು. ಈಗ ಮೀಮ್. ಬಳಸುವವರಲ್ಲಿ ಹೆಚ್ಚಿನವರು ಪೂರ್ತಿ ಚಿತ್ರ ನೋಡಿಲ್ಲ, ನಿಮ್ಮ ಆಫೀಸಿನಲ್ಲೂ ಹಾಗೇ ಇರಬಹುದು.

ಅದೇ ಬಳಗದ ಕೆಲಸ ಟಿವಿಗೂ ಹರಿಯಿತು. ಕುಂದನ್ ಶಾ 1984ರಲ್ಲಿ ‘ಯೇ ಜೋ ಹೈ ಜಿಂದಗಿ’ಯ ನಿರ್ದೇಶಕರಲ್ಲಿ ಒಬ್ಬರಾದರು, ಅದರಲ್ಲಿ ಸತೀಶ್ ಶಾ ಕಂತಿಗೊಂದು ಹೊಸ ವೇಷದಲ್ಲಿ ಬರುತ್ತಿದ್ದರು. 1988ರಲ್ಲಿ ‘ವಾಗ್ಲೆ ಕೀ ದುನಿಯಾ’ ಬಂತು. ಅದಕ್ಕೆ ಮೂಲ ನಮ್ಮ ಮೈಸೂರಿನವರಾದ ಆರ್.ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳ ಸಾಮಾನ್ಯ ಮನುಷ್ಯ. ಮಾತಾಡದೆ ಎಲ್ಲವನ್ನೂ ನೋಡುತ್ತಾ ನಿಲ್ಲುವ ಲಕ್ಷ್ಮಣ್ ಅವರ ಮನುಷ್ಯನಿಗೂ, ಕ್ಯಾಮೆರಾ ಹಿಡಿದು ಓಡುವ ವಿನೋದ್-ಸುಧೀರರಿಗೂ ನನಗೆ ಹತ್ತಿರದ ನೆಂಟಸ್ತಿಕೆ ಕಾಣುತ್ತದೆ. ಇಬ್ಬರೂ ಇದೇ ಊರಿನ ಫುಟ್‌ಪಾತಿನವರು.

ಆದರೆ ಇಷ್ಟು ವರ್ಷ ಉಳಿಯಲು ನಗು ಒಂದೇ ಸಾಲದು. ನನಗೆ ಮುಖ್ಯ ಅನ್ನಿಸುವುದು ಚಿತ್ರದ ಕೊನೆ. ಸಾಮಾನ್ಯವಾಗಿ ಹಾಸ್ಯಚಿತ್ರದಲ್ಲಿ ಕೆಟ್ಟವರು ಸಿಕ್ಕಿಬೀಳುತ್ತಾರೆ, ಒಳ್ಳೆಯವರು ಗೆಲ್ಲುತ್ತಾರೆ. ಇಲ್ಲಿ ಬಿಲ್ಡರು, ಅಧಿಕಾರಿ, ಸಂಪಾದಕಿ ಎಲ್ಲರೂ ಒಳಗೊಳಗೇ ರಾಜಿಯಾಗುತ್ತಾರೆ. ಡಿಮೆಲ್ಲೋ ಹೆಸರಿನ ಸೇತುವೆ ಕುಸಿದ ಆರೋಪ ಆ ಇಬ್ಬರು ಹುಡುಗರ ತಲೆಗೆ. ‘ಹಮ್ ಹೋಂಗೇ ಕಾಮಯಾಬ್’ ಕೇಳಿಸುತ್ತಿರುವಾಗ ಅವರು ಕೈದಿಗಳ ಬಟ್ಟೆಯಲ್ಲಿ ಬೀದಿಯಲ್ಲಿ ನಡೆದು ಬಂದು, ನಮ್ಮ ಕಡೆ ನೋಡಿ ಕತ್ತು ಕೊಯ್ದ ಸನ್ನೆ ಮಾಡುತ್ತಾರೆ. ಗಿರಿಜಾ ಕುಮಾರ್ ಮಾಥುರ್ ಹಿಂದಿಗೆ ತಂದ ಆ ಹಾಡನ್ನು ಮುಂಬಯಿಯ ಶಾಲಾ ಮಕ್ಕಳು ಇವತ್ತಿಗೂ ಹಾಡುತ್ತಾರೆ. ಈ ಚಿತ್ರ ನೋಡಿದ ಮೇಲೆ ಆ ಹಾಡು ಕೇಳಿದರೆ ಗಂಟಲು ಕಟ್ಟುತ್ತದೆ.

ಆ ಸಿಟ್ಟು ಸುಮ್ನೆ ಹುಟ್ಟಿದ್ದಲ್ಲ. ಚಿತ್ರ ತಯಾರಾದ ಕಾಲಕ್ಕೆ ಮಹಾರಾಷ್ಟ್ರದಲ್ಲಿ ಸಿಮೆಂಟ್ ಹಂಚಿಕೆಯದ್ದೇ ದೊಡ್ಡ ಸುದ್ದಿ. ಆ ಆರೋಪದಲ್ಲಿ 1982ರ ಜನವರಿಯಲ್ಲಿ ಮುಖ್ಯಮಂತ್ರಿಯೇ ರಾಜೀನಾಮೆ ಕೊಟ್ಟಿದ್ದರು. ಆಮೇಲೂ ಈ ಊರಿಗೆ ಸೇತುವೆಯ ಸುದ್ದಿ ತಪ್ಪಿಲ್ಲ. 2018ರ ಜುಲೈನಲ್ಲಿ ನಿಮ್ಮ ಅಂಧೇರಿಯ ಗೋಖಲೆ ಸೇತುವೆಯ ಒಂದು ಭಾಗ ರೈಲು ಹಳಿಯ ಮೇಲೆ ಬಿತ್ತು. 2019ರ ಮಾರ್ಚ್‌ನಲ್ಲಿ ಸಿಎಸ್‌ಟಿ ಪಕ್ಕದ ಪಾದಚಾರಿ ಸೇತುವೆ ಕುಸಿದು ಜನ ಸತ್ತರು. 2024ರಲ್ಲಿ ಹೊಸ ಗೋಖಲೆ ಸೇತುವೆ ತೆರೆದಾಗ ಅದರ ಮಟ್ಟ ಪಕ್ಕದ ಬರ್ಫಿವಾಲಾ ಫ್ಲೈಓವರಿಗೆ ಕೂಡಲೇ ಇಲ್ಲ, ನಡುವೆ ಆಳೆತ್ತರದ ಅಂತರ ಉಳಿದಿತ್ತು. ಇಂಥ ಸುದ್ದಿ ಓದಿದಾಗೆಲ್ಲ ನನಗೆ ಈ ಚಿತ್ರ ನೆನಪಾಗುತ್ತದೆ. ಅಣಕಿಸಿದ ಸಂಗತಿ ಸರಿಹೋಗಿದ್ದರೆ ಅಣಕವೂ ಮಾಸಿಹೋಗುತ್ತಿತ್ತು, ಅಲ್ವಾ?

ಇನ್ನೊಂದು ಕಾರಣ ನಟರು. ಇವರಲ್ಲಿ ಯಾರೂ ‘ನೋಡಿ, ನಾನು ನಗಿಸುತ್ತಿದ್ದೇನೆ’ ಅನ್ನುವಂತೆ ನಟಿಸುವುದಿಲ್ಲ. ಕುಡಿದ ಆಹುಜಾ ಹೆದ್ದಾರಿಯಲ್ಲಿ ಶವಪೆಟ್ಟಿಗೆಯನ್ನು ಕೆಟ್ಟು ನಿಂತ ಕಾರು ಅಂದುಕೊಂಡು, ಒಳಗಿನ ಹೆಣದ ಜೊತೆ ಮಾತಾಡಿ, ಎಳೆದುಕೊಂಡು ಹೋಗಲು ಮುಂದಾಗುತ್ತಾನಲ್ಲ, ಓಂ ಪುರಿ ಅದನ್ನು ಎಷ್ಟು ಕಾಳಜಿಯಿಂದ ಮಾಡುತ್ತಾರೆ ನೋಡಿ. ಸತೀಶ್ ಶಾ ಅವರಂತೂ ಚಿತ್ರದ ಅರ್ಧ ಭಾಗ ಹೆಣವಾಗಿಯೇ ಇದ್ದಾರೆ. ಕಣ್ಣು ಪಿಳುಕಿಸದೆ, ಮುಖ ಬದಲಿಸದೆ, ಚಕ್ರದ ಮೇಲೆ ಉರುಳುತ್ತಾ, ಸೀರೆ ಉಟ್ಟು ನಿಲ್ಲುತ್ತಾರೆ. ಅಷ್ಟು ಜನರ ಗದ್ದಲದ ನಡುವೆ ಒಂದು ಮಾತೂ ಆಡದ ಆ ದ್ರೌಪದಿಯ ಮೇಲೇ ಕಣ್ಣು ನಿಲ್ಲುತ್ತದೆ. ಹಿಂದಿ ಚಿತ್ರರಂಗದ ದೊಡ್ಡ ಹಾಸ್ಯಪಾತ್ರಗಳಲ್ಲಿ ನಾನು ಇದನ್ನು ಮೊದಲ ಸಾಲಿಗೆ ಸೇರಿಸುತ್ತೇನೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಮಹಾಭಾರತದ ತುಣುಕನ್ನು ಮಾತ್ರ ನೋಡಿ ಬಿಡಬೇಡಿ. ತುಣುಕಿನಲ್ಲಿ ಗಲಾಟೆ ಸಿಗುತ್ತದೆ, ಹೆಣ ಯಾರದು, ಅದು ಕೈತಪ್ಪಿದರೆ ಏನಾಗುತ್ತದೆ ಅನ್ನುವುದು ಸಿಗುವುದಿಲ್ಲ. ಮೊದಲ ಭಾಗ ಇವತ್ತಿನ ಕಣ್ಣಿಗೆ ಸ್ವಲ್ಪ ನಿಧಾನ ಅನ್ನಿಸಬಹುದು, ಕೆಲವು ದೃಶ್ಯಗಳಿಗೆ ಬೆಳಕೂ ಸಾಲದು. ಡಿಮೆಲ್ಲೋ ಕೇಕ್ ತಿನ್ನುವ ತನಕ ತಾಳ್ಮೆ ಇಟ್ಟುಕೊಳ್ಳಿ. ಮನೆಯಲ್ಲಿ ಊರಿಂದ ಬಂದ ಹಿರಿಯರಿದ್ದರೆ, ಅವರು ಆಟ ನೋಡಿ ಬೆಳೆದವರಾದರೆ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಿಂದಿ ಪೂರ್ತಿ ಬರಬೇಕೆಂದಿಲ್ಲ. ದುರ್ಯೋಧನ ಸೀರೆ ಎಳೆಯಬೇಡ ಅಂದದ್ದು ಎಷ್ಟು ವಿಚಿತ್ರ ಅನ್ನುವುದು ಅವರಿಗೆ ನಿಮಗಿಂತ ಮೊದಲು ಹೊಳೆಯುತ್ತದೆ.