ಚೆಲ್ಲೊ ಜಾರುತ್ತಿದೆ, ಎಂಡ್‌ಪಿನ್ ಬದಲಿಸಬೇಕೆ?

ಪ್ರಶ್ನೆ: ಮಗಳು ಎರಡು ವರ್ಷದಿಂದ ಚೆಲ್ಲೊ (ಕೂತು ನುಡಿಸುವ, ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಕಲಿಯುತ್ತಿದ್ದಾಳೆ. ನುಡಿಸುವಾಗ ವಾದ್ಯವನ್ನು ನೆಲಕ್ಕೆ ಊರುವ ಕೆಳಗಿನ ಕಡ್ಡಿ, ಅಂದರೆ ಎಂಡ್‌ಪಿನ್ ಮುಂದಕ್ಕೆ ಜಾರುತ್ತದೆ. ಕಾರ್ಬನ್ ಫೈಬರಿನದನ್ನು ಹಾಕಿಸಿದರೆ ನಾದವೂ ಸುಧಾರಿಸುತ್ತದೆ ಎನ್ನುತ್ತಾರೆ. ಹಾಕಿಸಬೇಕೆ?

ಉತ್ತರ: ಈಗಲೇ ಬೇಡ. ಕಡ್ಡಿ ಉಕ್ಕಿನದಾದರೂ ಕಾರ್ಬನ್ನಿನದಾದರೂ ಜಾರುವ ನೆಲದ ಮೇಲೆ ಜಾರಿಯೇ ಜಾರುತ್ತದೆ. ಎಂಡ್‌ಪಿನ್ನಿನ ಚೂಪು ಮೊನೆ ಇರುವುದು ಮರದ ಹಲಗೆಗೆ ಚುಚ್ಚಿಕೊಂಡು ನಿಲ್ಲಲಿಕ್ಕೆ. ನಮ್ಮ ಮನೆಗಳ ಗ್ರಾನೈಟ್ ಮತ್ತು ವಿಟ್ರಿಫೈಡ್ ಟೈಲ್ಸ್ ಅದಕ್ಕೆ ಎಲ್ಲಿ ಬಗ್ಗುತ್ತವೆ? ಮೊನೆಗೆ ರಬ್ಬರ್ ಟೊಪ್ಪಿ ಹಾಕಿದರೆ ಸ್ವಲ್ಪ ತಡೆಯುತ್ತದೆ, ಆದರೆ ನೆಲದಲ್ಲಿ ಧೂಳಿದ್ದರೆ ಅದೂ ಕೈಕೊಡುತ್ತದೆ. ಕುರ್ಚಿಯ ಕಾಲಿಗೆ ಸಿಕ್ಕಿಸಿ ಇನ್ನೊಂದು ತುದಿಯ ಬಿಲ್ಲೆಯಲ್ಲಿ ಮೊನೆಯನ್ನು ಊರುವ ಪಟ್ಟಿಯೊಂದು ಸಿಗುತ್ತದೆ. ಕೂತವರ ಭಾರಕ್ಕೆ ಕುರ್ಚಿ ಅಲುಗುವುದಿಲ್ಲ, ಕುರ್ಚಿ ಬಿಡದಿದ್ದರೆ ಚೆಲ್ಲೊ ಎಲ್ಲಿಗೂ ಹೋಗುವುದಿಲ್ಲ. ಮೊದಲು ಅದನ್ನು ಕೊಳ್ಳಿ. ಅರ್ಧ ದೂರು ಅಲ್ಲಿಗೇ ಮುಗಿಯಬಹುದು.

ಅಂದಹಾಗೆ, ಒಂದು ಕಾಲದಲ್ಲಿ ಈ ಕಡ್ಡಿಯೇ ಇರಲಿಲ್ಲ. ವಾದಕರು ಚೆಲ್ಲೊವನ್ನು ಎರಡು ಮೀನಖಂಡಗಳ ನಡುವೆ ಅವುಚಿ ಹಿಡಿದು ನುಡಿಸುತ್ತಿದ್ದರು. 19ನೆಯ ಶತಮಾನದ ನಡುವಿನಲ್ಲಿ ಎಂಡ್‌ಪಿನ್ನನ್ನು ರೂಢಿಗೆ ತಂದ ಹೆಸರು ಹೆಚ್ಚಾಗಿ ಸಲ್ಲುವುದು ಬೆಲ್ಜಿಯಂನ ವಾದಕ ಆಡ್ರಿಯನ್ ಫ್ರಾನ್ಸ್ವಾ ಸರ್ವೇಗೆ (1807–1866). ಅವರ ಬಳಿಯಿದ್ದದ್ದು ಇಟಲಿಯ ಹೆಸರಾಂತ ವಾದ್ಯ ತಯಾರಕ ಸ್ಟ್ರಾಡಿವೇರಿ 1701ರಲ್ಲಿ ಮಾಡಿದ ಚೆಲ್ಲೊ, ಸಾಮಾನ್ಯಕ್ಕಿಂತ ದೊಡ್ಡ ಗಾತ್ರದ ವಾದ್ಯ. ಅದನ್ನು ಕಾಲಿನಲ್ಲಿ ಹಿಡಿದಿಡಲಾಗದೆ ಕಡ್ಡಿ ಊರಿದರು ಎಂದು ಒಂದು ಕಥೆ, ಮೈ ದಪ್ಪವಾದದ್ದೇ ಕಾರಣ ಎಂದು ಇನ್ನೊಂದು ಕಥೆ. ಯಾವುದು ನಿಜವಾದರೂ ಕಡ್ಡಿ ಬಂದದ್ದು ವಾದ್ಯವನ್ನು ಹೊರಲಿಕ್ಕೆ. ನಾದದ ಚರ್ಚೆ ಆಮೇಲಿನದು.

ಕೊಳ್ಳುವ ಹಂತಕ್ಕೆ ಬಂದಾಗ ಮೊದಲು ನೋಡಬೇಕಾದದ್ದು ದಪ್ಪ. ಸಾಮಾನ್ಯವಾಗಿ ಸಿಗುವುದು 8 ಮತ್ತು 10 ಮಿಲಿಮೀಟರಿನವು. ಎರಡೇ ಮಿಲಿಮೀಟರ್ ತಾನೇ ಎನ್ನಬೇಡಿ. ಗಟ್ಟಿ ಕಡ್ಡಿಯ ಬಿಗಿತ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ, ಆದ್ದರಿಂದ ಅದೇ ಲೋಹದ 10 ಮಿ.ಮೀ. ಕಡ್ಡಿ 8 ಮಿ.ಮೀ. ಕಡ್ಡಿಗಿಂತ ಸುಮಾರು ಎರಡೂವರೆ ಪಟ್ಟು ಬಿಗಿ. ಎತ್ತರದವರು ಕಡ್ಡಿಯನ್ನು ಉದ್ದಕ್ಕೆ ಎಳೆದು ನುಡಿಸುವಾಗ ವಾದ್ಯ ತೂಗಾಡುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಇನ್ನು ತೂಕ: 10 ಮಿ.ಮೀ. ದಪ್ಪ, 50 ಸೆಂಟಿಮೀಟರ್ ಉದ್ದದ ಗಟ್ಟಿ ಉಕ್ಕಿನ ಕಡ್ಡಿ ಸುಮಾರು 300 ಗ್ರಾಂ ತೂಗಿದರೆ, ಅದೇ ಅಳತೆಯ ಟೈಟಾನಿಯಂ 175ರ ಆಸುಪಾಸು, ಕಾರ್ಬನ್ 65ರೊಳಗೆ. ವಾದ್ಯವನ್ನು ಬೆನ್ನಿಗೆ ಹಾಕಿಕೊಂಡು ಬಸ್ ಹತ್ತುವ ಹುಡುಗಿಗೆ ಕಾರ್ಬನ್ನಿನ ನಿಜವಾದ ಲಾಭ ಇಲ್ಲಿದೆ.

ನಾದ ಬದಲಾಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬದಲಾಗುತ್ತದೆ, ಆದರೆ ಯಾವ ವಾದ್ಯದಲ್ಲಿ ಯಾವ ಕಡೆಗೆ ಎಂದು ಮೊದಲೇ ಹೇಳಿಬಿಡುವವರನ್ನು ನಂಬಬೇಡಿ. ಒಂದು ಚೆಲ್ಲೊದಲ್ಲಿ ದನಿ ತೆರೆದುಕೊಂಡಂತೆ ಕೇಳಿಸಿದರೆ ಇನ್ನೊಂದರಲ್ಲಿ ತೆಳುವಾಗಬಹುದು. ಬೇರೆಯವರ ಕಡ್ಡಿಯನ್ನು ಎರವಲು ತಂದು, ಒಂದೇ ಪಾಠವನ್ನು ಎರಡರಲ್ಲೂ ನುಡಿಸಲು ಹೇಳಿ ನೀವು ಪಕ್ಕದ ಕೋಣೆಯಲ್ಲಿ ಕುಳಿತು ಕೇಳಿ. ಯಾವಾಗ ಯಾವುದು ಎಂದು ಆಕೆ ಹೇಳಕೂಡದು. ನಿಮಗೆ ವ್ಯತ್ಯಾಸ ಕೇಳಿಸದಿದ್ದರೆ ಆ ಹಣಕ್ಕೆ ಒಳ್ಳೆಯ ತಂತಿಗಳು ಬರುತ್ತವೆ.

ಇದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಕಡ್ಡಿ ಕೂರುವ ಮರದ ಗೂಟ. ಅದರ ರಂಧ್ರ ಸವೆದು ಕಡ್ಡಿ ಸಡಿಲವಾಗಿದ್ದರೆ ಯಾವುದೋ ಒಂದು ಸ್ವರಕ್ಕೆ ಝರ್ರೆಂದು ದನಿ ಹುಟ್ಟುತ್ತದೆ, ಮನೆಯವರೆಲ್ಲ ತಂತಿಯನ್ನು ಬೈಯುತ್ತಾರೆ. ಆ ಸ್ವರ ನುಡಿಸುವಾಗ ಕಡ್ಡಿಯನ್ನು ಕೈಯಿಂದ ಬಿಗಿಹಿಡಿದು ನೋಡಿ; ದನಿ ನಿಂತರೆ ಕಳ್ಳ ಸಿಕ್ಕಿದ. ಇನ್ನು, ಕಡ್ಡಿಯನ್ನು ಗೂಟದಲ್ಲಿ ಬಿಗಿಯುವ ತಿರುಪಿನ ತುದಿ ಚೂಪಾಗಿದ್ದರೆ ಅದು ಕಾರ್ಬನ್ನನ್ನು ಗೀಚಿ ಹಾಳುಮಾಡುತ್ತದೆ. ಅದಕ್ಕೆ ಸುತ್ತಲೂ ಸಮನಾಗಿ ಅಪ್ಪಿ ಹಿಡಿಯುವ ಬಿಗಿಪಟ್ಟಿ ಬೇಕು.

ಬಾಗಿದ ಎಂಡ್‌ಪಿನ್ನುಗಳನ್ನೂ ನೀವು ನೋಡಿರಬಹುದು. ಫ್ರಾನ್ಸಿನ ಪಾಲ್ ಟಾರ್ಟೆಲಿಯೇ ಅದಕ್ಕೆ ಹೆಸರುವಾಸಿ, ರಷ್ಯಾದ ರೊಸ್ತ್ರೊಪೊವಿಚ್ ಸಹ ಅಂಥದನ್ನು ಬಳಸಿದರು. ವಾದ್ಯ ಹೆಚ್ಚು ಅಡ್ಡಕ್ಕೆ ಒರಗುವುದರಿಂದ ಕಮಾನು ಹಿಡಿದ ತೋಳಿನ ಭಾರ ತಂತಿಗೆ ಸುಲಭವಾಗಿ ಇಳಿಯುತ್ತದೆ. ಎರಡು ವರ್ಷದ ವಿದ್ಯಾರ್ಥಿಗೆ ಇದು ಬೇಡ. ಗುರುಗಳು ಹೇಳಿದರೆ ಮಾತು ಬೇರೆ. ವಾದ್ಯದ ಮೇಲಂಚು ಎದೆಮೂಳೆಗೆ ತಾಗಿ, ಕೆಳಬದಿಗಳು ಮಂಡಿಗೆ ಸಿಕ್ಕಿ, ದಪ್ಪ ತಂತಿಯ ಬಿರಡೆ ಎಡಗಿವಿಯ ಹಿಂದೆ ಬರುವಷ್ಟು ಕಡ್ಡಿಯನ್ನು ಎಳೆದರೆ ಸಾಕು.

ಆಕೆಯದು ಅರ್ಧ ಅಥವಾ ಮುಕ್ಕಾಲು ಅಳತೆಯ ಚೆಲ್ಲೊ ಆಗಿದ್ದರೆ ಪೂರ್ಣ ಅಳತೆಗೆ ಬರುವವರೆಗೆ ಖರ್ಚೇ ಬೇಡ. ಪೂರ್ಣ ಅಳತೆಯದಾಗಿದ್ದರೆ ಈಗಿರುವ ಕಡ್ಡಿಯ ವ್ಯಾಸವನ್ನು ಕ್ಯಾಲಿಪರಿನಲ್ಲಿ ಅಳೆದು ಅಷ್ಟೇ ದಪ್ಪದ್ದನ್ನು ತನ್ನಿ. 8ರಿಂದ 10ಕ್ಕೆ ಏರಬೇಕೆಂದರೆ ಸಾಮಾನ್ಯವಾಗಿ ಗೂಟವನ್ನೂ ಬದಲಿಸಬೇಕಾಗುತ್ತದೆ, ಅದಕ್ಕೆ ಮನೆಯಲ್ಲಿ ಕೈಹಾಕಬೇಡಿ. ತಂತಿಗಳ ಎಳೆತವನ್ನೆಲ್ಲ ಹಿಡಿದಿರುವುದು ಆ ಗೂಟವೇ. ಅದನ್ನು ತೆಗೆಯಲು ತಂತಿಗಳನ್ನೆಲ್ಲ ಸಡಿಲಿಸಬೇಕು, ಸಡಿಲಿಸಿದರೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಕಳಚುತ್ತದೆ, ಒಳಗೆ ನಿಲ್ಲಿಸಿರುವ ಸೌಂಡ್ ಪೋಸ್ಟ್ ಎಂಬ ಮರದ ಚಿಕ್ಕ ಕಂಬ ಬಿದ್ದರೂ ಬಿದ್ದೀತು. ವಾದ್ಯವನ್ನು ಅಲುಗಿಸಿದಾಗ ಹೊಟ್ಟೆಯೊಳಗೆ ಏನೋ ಉರುಳಿದ ಸದ್ದಾದರೆ ತಂತಿ ಬಿಗಿಯದೆ ಹಾಗೆಯೇ ದುರಸ್ತಿ ಮಾಡುವವರ ಬಳಿಗೆ ಒಯ್ಯಿರಿ.