ಎಪಾಕ್ಸಿ ಇನ್ನೂ ಅಂಟುತ್ತಿದೆಯೇ? ಹಾರ್ಡನರ್ ಡಬ್ಬಿ ಕೆಳಗಿಡಿ

“ಹಾರ್ಡನರ್ ಒಂಚೂರು ಜಾಸ್ತಿ ಹಾಕ್ರಿ, ಲಗೂನ ಗಟ್ಟಿ ಆಗತೈತಿ.” ಈ ಒಂದು ಮಾತು ಎಷ್ಟು ಒಳ್ಳೆ ಸಾಗವಾನಿ ಟೇಬಲ್‌ಗಳನ್ನು ಹಾಳು ಮಾಡಿದೆಯೋ! ಗಾಜಿನ ಹಾಗೆ ಹೊಳೆಯಲಿ ಎಂದು ಎಪಾಕ್ಸಿ, ಅಂದರೆ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವ ಕಲಸಿ ಮಾಡುವ ಲೇಪ, ಸುರಿದಿರುತ್ತಾರೆ. ಮೂರು ದಿನ ಕಳೆದರೂ ಬೆರಳಿಟ್ಟರೆ ಅಂಟುತ್ತದೆ. ಆಗ ಫ್ಯಾನ್ ಹಾಕುತ್ತಾರೆ, ಬಿಸಿಲಿಗಿಡುತ್ತಾರೆ, ಕೊನೆಗೆ ಬರೀ ಹಾರ್ಡನರ್ ತಂದು ಮೇಲೆ ಸವರುತ್ತಾರೆ. ಅಲ್ಲಿಗೆ ಟೇಬಲ್ ಕೆಟ್ಟ ಹಾಗೇ.

ಫ್ರೆಂಚ್ ಪಾಲಿಶ್ ಒಣಗುವುದು ಸ್ಪಿರಿಟ್ ಹಾರಿ ಹೋಗುವುದರಿಂದ. ಅದಕ್ಕೆ ಗಾಳಿ ಬೇಕು. ಎಪಾಕ್ಸಿಯಲ್ಲಿ ಹಾರಿಹೋಗಬೇಕಾದದ್ದು ಏನೂ ಇಲ್ಲ. ಸುರಿದದ್ದೆಲ್ಲ ಅಲ್ಲೇ ಉಳಿದು, ಒಂದಕ್ಕೊಂದು ಸೇರಿ ಗಟ್ಟಿಯಾಗಬೇಕು. ಫ್ಯಾನ್ ಸುಮ್ನೆ ದಂಡ, ಧೂಳು ಕೂರಿಸುವುದಷ್ಟೇ ಅದರ ಕೆಲಸ.

ರೆಸಿನ್ನಿನ ಒಂದೊಂದು ಅಣುವಿನ ಎರಡೂ ತುದಿಗೆ ಪುಟ್ಟ ಉಂಗುರವಿದೆ: ಎರಡು ಇಂಗಾಲ, ಒಂದು ಆಮ್ಲಜನಕ. ಬಿಗಿಯಾಗಿ ಬಾಗಿಸಿಟ್ಟ ಉಂಗುರ ಅದು, ಬಿಚ್ಚಿಕೊಳ್ಳಲು ಕಾಯುತ್ತಿರುತ್ತದೆ. ಹಾರ್ಡನರ್‌ನಲ್ಲಿರುವುದು ಅಮೈನ್, ಅಂದರೆ ಹೈಡ್ರೋಜನ್ ಹೊತ್ತ ಸಾರಜನಕ. ಅದರ ಒಂದೊಂದು ಹೈಡ್ರೋಜನ್ ಒಂದೊಂದೇ ಉಂಗುರವನ್ನು ಬಿಚ್ಚಿ ಕಟ್ಟಿಹಾಕುತ್ತದೆ. ಒಂದಕ್ಕೆ ಒಂದು, ಲೆಕ್ಕ ಅಷ್ಟೇ. ಬೆಟಗೇರಿಯಲ್ಲಿ ಮಗ್ಗ ನೋಡಿದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ರೆಸಿನ್ ಹಾಸು, ಹಾರ್ಡನರ್ ಹೊಕ್ಕು. ಹಾಸಿನ ಎಳೆ ಇದ್ದಷ್ಟೇ ಇದ್ದು, ಹೊಕ್ಕಿನ ನೂಲು ಎರಡು ಪಟ್ಟು ತಂದರೆ ಸೀರೆ ಬಿಗಿಯಾಗುತ್ತದೆಯೇ? ಹೆಚ್ಚಾದ ನೂಲು ಹಾಗೇ ಸಡಿಲವಾಗಿ ಉಳಿಯುತ್ತದೆ. ಎಪಾಕ್ಸಿಯಲ್ಲಿ ಹಾಗೆ ಉಳಿದ ಹಾರ್ಡನರ್ರೇ ನಿಮ್ಮ ಬೆರಳಿಗೆ ಹತ್ತುವ ಅಂಟು. ಕಡಿಮೆ ಹಾಕಿದರೂ ಅದೇ ಪಾಡು, ಆಗ ಉಳಿಯುವುದು ರೆಸಿನ್.

ಹಾಗಾದರೆ “ಜಾಸ್ತಿ ಹಾಕು” ಎಂಬ ನಂಬಿಕೆ ಎಲ್ಲಿಂದ ಬಂತು? ಬಹುಶಃ ಫೈಬರ್‌ಗ್ಲಾಸ್ ಕೆಲಸದಿಂದ. ಅಲ್ಲಿ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದಕ್ಕೆ ನೂರಕ್ಕೆ ಒಂದೆರಡು ಪಾಲು ಬೀಳುವ ದ್ರವ ಕ್ರಿಯೆಯನ್ನು ಶುರು ಮಾಡಿಕೊಡುತ್ತದೆ, ಅಷ್ಟೇ. ಒಂದು ಮಿತಿಯೊಳಗೆ ಅದನ್ನು ಹೆಚ್ಚಿಸಿದರೆ ನಿಜವಾಗಿಯೂ ಬೇಗ ಗಟ್ಟಿಯಾಗುತ್ತದೆ. ಎಪಾಕ್ಸಿಯ ವಂಶವೇ ಬೇರೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ ಅದರ ಮೇಲೆ ಕೆಲಸ ಮಾಡಿದ್ದು ಕಟ್ಟಿಸಿಕೊಳ್ಳುವ ಹಲ್ಲಿಗಾಗಿ! ಗಟ್ಟಿಯಾಗುವಾಗ ತೀರಾ ಕಡಿಮೆ ಕುಗ್ಗುವುದು ಇದರ ದೊಡ್ಡ ಗುಣ. ಹಲ್ಲಿನ ಅಳತೆ ಕೂದಲೆಳೆಯಷ್ಟೂ ತಪ್ಪಬಾರದು, ಅಲ್ವಾ? ಆಮೇಲೆ ಸೀಬಾ ಕಂಪನಿ ಅದರ ಹಕ್ಕು ಪಡೆಯಿತು. 1946ರಲ್ಲಿ ನಮಗೆಲ್ಲ ಗೊತ್ತಿರುವ ಅರಾಲ್ಡೈಟ್ ಪೇಟೆಗೆ ಬಂತು.

ಅಳತೆಯಲ್ಲಿ ಇನ್ನೊಂದು ಗುಂಡಿ ಇದೆ. ಡಬ್ಬಿಯ ಮೇಲೆ 2:1 ಎಂದು ಬರೆದಿರುವುದು ಬಹಳ ಸಲ ಗಾತ್ರದ ಲೆಕ್ಕ, ತೂಕದ್ದಲ್ಲ. ರೆಸಿನ್ ನೀರಿಗಿಂತ ಭಾರ, 100 ಮಿಲಿ ಸುಮಾರು 115 ಗ್ರಾಂ ತೂಗುತ್ತದೆ. ಹಾರ್ಡನರ್ ಹಗುರ, 50 ಮಿಲಿ 48 ಗ್ರಾಂ ಆಸುಪಾಸು. ತಕ್ಕಡಿಯಲ್ಲಿಟ್ಟು 115ರ ಅರ್ಧ ಅಂತ 57 ಗ್ರಾಂ ಸುರಿದವರು ಗೊತ್ತಿಲ್ಲದೆಯೇ ಹಾರ್ಡನರ್ ಜಾಸ್ತಿ ಮಾಡಿದ್ದಾರೆ. ಒಂದು ಕಂಪನಿಯ ಅಳತೆ ಇನ್ನೊಂದಕ್ಕೆ ಹೊಂದುವುದೂ ಇಲ್ಲ. ರೆಸಿನ್ 100 ಪಾಲಿಗೆ ಹಾರ್ಡನರ್ ಬರೀ 10 ಪಾಲು ಬೇಡುವ ಜೋಡಿಯೂ ಇದೆ.

ಈಗ ಕೆಟ್ಟ ಟೇಬಲ್ಲಿನ ವಿಚಾರ. ಮೊದಲು ಅದನ್ನು ಬೆಚ್ಚಗಿಡಿ. ಹತ್ತು ಡಿಗ್ರಿ ಇಳಿದರೆ ಈ ಕ್ರಿಯೆಯ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಧಾರವಾಡದ ಜಡಿಮಳೆಯ ವಾರದಲ್ಲಿ ಸುರಿದದ್ದು ಗದಗಿನ ಏಪ್ರಿಲ್ಲಿನಲ್ಲಿ ಸುರಿದದ್ದಕ್ಕಿಂತ ಎಷ್ಟೋ ನಿಧಾನ. ಅಳತೆ ಸರಿಯಿದ್ದು ಚಳಿಯಿಂದ ನಿಂತಿದ್ದರೆ, ಕೋಣೆಯನ್ನು 30 ಡಿಗ್ರಿ ಆಸುಪಾಸು ಬೆಚ್ಚಗಿಟ್ಟು ಎರಡು ಮೂರು ದಿನ ಬಿಟ್ಟರೆ ತಾನೇ ಗಟ್ಟಿಯಾಗುತ್ತದೆ.

ಕೆಳಗೆ ಗಟ್ಟಿಯಾಗಿದ್ದು ಮೇಲೆ ಮಾತ್ರ ಮೇಣದಂಥ ಜಿಡ್ಡು ಇದೆಯೇ? ಅದು ಮಳೆಗಾಲದ ಕಾಟ. ಹಾರ್ಡನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮಾಡಿಕೊಂಡ ಪದರ. ಬೆಚ್ಚನೆ ನೀರು, ಪಾತ್ರೆ ಉಜ್ಜುವ ಸ್ಕ್ರಬ್ಬರ್ ಸಾಕು, ತೊಳೆದುಹೋಗುತ್ತದೆ. ತೊಳೆಯದೆ ಸ್ಯಾಂಡ್ ಪೇಪರ್ ಹಿಡಿದರೆ ಜಿಡ್ಡು ಎಲ್ಲ ಕಡೆ ಹರಡುತ್ತದೆ.

ಒಂದೆಡೆ ಕಲ್ಲಿನಂತೆ, ಪಕ್ಕದಲ್ಲೇ ಹಸಿ ಮಚ್ಚೆ ಇದ್ದರೆ ಕಲಸಿದ್ದು ಸಾಲದು. ಸಾಮಾನ್ಯವಾಗಿ ಅದು ಕಪ್ಪಿನ ತಳ ಕೆರೆದು ಸುರಿದ ಭಾಗ. ತಳಕ್ಕೆ, ಅಂಚಿಗೆ ಅಂಟಿದ್ದು ಕಲಸುವ ಕಡ್ಡಿಗೆ ಸಿಕ್ಕಿರುವುದಿಲ್ಲ. ಆ ಮಚ್ಚೆಗಳನ್ನಷ್ಟೇ ಪೂರ್ತಿ ಕೆರೆದು ತೆಗೆಯಿರಿ.

ಬೆಚ್ಚಗಿಟ್ಟ ಮೇಲೂ ಇಡೀ ಮೇಲ್ಮೈ ಅಂಟುತ್ತಿದ್ದರೆ ಅಳತೆ ತಪ್ಪಿದೆ ಎಂದೇ ಅರ್ಥ. ಕಾದು ಫಲವಿಲ್ಲ. ಅದರ ಮೇಲೆ ಹೊಸ ಪದರ ಸುರಿದು ಮುಚ್ಚಿದರೆ ಹಸಿ ಅಡಿಯಲ್ಲೇ ಉಳಿಯುತ್ತದೆ. ಪುಟ್ಟಿ ಬ್ಲೇಡಿನಿಂದ ಕೆರೆದು, ಉಳಿದ ಅಂಟನ್ನು ಅಸಿಟೋನ್ ಬಟ್ಟೆಯಿಂದ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಅಸಿಟೋನ್ ಪೂರ್ತಿ ಹಾರಿದ ಮೇಲೆ 120 ನಂಬರಿನ ಪೇಪರಿನಿಂದ ಹೊಳಪು ಹೋಗುವ ತನಕ ಉಜ್ಜಿ. ಹೊಸ ಮಿಶ್ರಣವನ್ನು ತಳ, ಅಂಚು ಬಿಡದೆ ಕಲಸಿ, ಇನ್ನೊಂದು ಶುದ್ಧ ಕಪ್ಪಿಗೆ ಬಗ್ಗಿಸಿ ಮತ್ತೆ ಕಲಸಿ ಸುರಿಯಿರಿ. ಹಳೆಯ ಕಪ್ಪನ್ನು ಕೆರೆಯಬೇಡಿ.

ಹಸಿ ಎಪಾಕ್ಸಿ ಮುಟ್ಟುವಾಗಲೆಲ್ಲ ನೈಟ್ರೈಲ್ ಗ್ಲೌಸ್ ಬೇಕೇ ಬೇಕು. ಹಸಿ ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟುತ್ತದೆ, ಒಮ್ಮೆ ಹುಟ್ಟಿದರೆ ಸಾಮಾನ್ಯವಾಗಿ ಜೀವನವಿಡೀ ಬಿಡುವುದಿಲ್ಲ. ಕೈಗೆ ಹತ್ತಿದ್ದನ್ನು ಥಿನ್ನರ್ ಹಾಕಿ ತೊಳೆಯುವ ಅಭ್ಯಾಸ ಇನ್ನೂ ಕೆಟ್ಟದ್ದು. ಸೋಪು, ನೀರೇ ಸಾಕು. ಹೊಸ ಪದರ ಬೆರಳಿಗೆ ಗಟ್ಟಿ ಎನಿಸಿದರೂ ಒಂದು ವಾರ ಅದರ ಮೇಲೆ ಭಾರ ಇಡಬೇಡಿ. ಬಿಸಿ ಕುಕ್ಕರನ್ನಂತೂ ಎಂದೂ ಇಡಬೇಡಿ. ಮನೆಯ ಬಿಸಿಯಲ್ಲೇ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ 50–60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗಿ ಗುರುತು ಹಿಡಿಯುತ್ತದೆ.